ಹಳೆಯ ಕಾರಿನಲ್ಲಿ ಪಿ 0420 ಸಂಕೇತ: ಕನ್ವರ್ಟರ್ ಬದಲಿಸುವ ಮುನ್ನ ತಿಳಿಯಬೇಕಾದುದು

ಇನ್ನೊಬ್ಬರು ಓಡಿಸಿದ ಪೆಟ್ರೋಲ್ ಕಾರನ್ನು ಕೊಂಡು ತಂದ ಕೆಲವೇ ವಾರಗಳಲ್ಲಿ, ಎಂಜಿನ್ ಆಕಾರದ ಹಳದಿ ದೀಪ ಮೀಟರ್ ಫಲಕದಲ್ಲಿ ಹೊತ್ತಿಕೊಳ್ಳುವುದುಂಟು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದಾಗ 'ಪಿ 0420' ಎಂಬ ಸಂಕೇತ ಕಾಣುತ್ತದೆ. 'ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕಬೇಕು' ಎಂಬ ಉತ್ತರವೂ ಕೂಡಲೇ ಬರುತ್ತದೆ. ಹೊಸ ಕನ್ವರ್ಟರಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಾದೀತು. ಮಕ್ಕಳ ಶಾಲೆಯ ಖರ್ಚನ್ನು ಸರಿದೂಗಿಸಿಕೊಂಡು ಕಾರು ಕೊಂಡ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ. ಆದುದರಿಂದ ಈ ಸಂಕೇತದ ನಿಜವಾದ ಅರ್ಥವನ್ನು ನಾವು ಇಲ್ಲಿ ವಿವರಿಸುತ್ತೇವೆ.

ಕನ್ವರ್ಟರಿನ ಕೆಲಸ

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ವಸ್ತುವೇ ವೇಗವರ್ಧಕವೆಂದು ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುತ್ತಾರೆ. ಎಂಜಿನ್ನಿಗೂ ಸೈಲೆನ್ಸರಿಗೂ ನಡುವಿನ ಕೊಳವೆಯಲ್ಲಿರುವ ಈ ಡಬ್ಬಿಯೊಳಗೆ ಜೇನುಗೂಡಿನಂತಹ ರಂಧ್ರಗಳಿರುವ ಪಿಂಗಾಣಿಯ ದಿಂಡಿದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪವಿರುತ್ತದೆ. ಇವು ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಹಾಗೂ ನೈಟ್ರೋಜನ್ ಆಕ್ಸೈಡುಗಳನ್ನು ಕಾರ್ಬನ್ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೋಜನ್ ಆಗಿ ಪರಿವರ್ತಿಸುತ್ತವೆ.

ಸಂಕೇತದ ಅರ್ಥ

ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತವೆ. ಎಂಜಿನ್ ಬಿಸಿಯಾದ ಬಳಿಕ ಮೊದಲನೆಯದರ ವೋಲ್ಟೇಜು ಸಾಮಾನ್ಯವಾಗಿ 0.1 ಮತ್ತು 0.9ರ ನಡುವೆ ತೂಗಾಡುತ್ತಿರುತ್ತದೆ. ಕನ್ವರ್ಟರ್ ಆಕ್ಸಿಜನ್ನನ್ನು ಹಿಡಿದಿಟ್ಟು ಬಳಸಿಕೊಳ್ಳುವುದರಿಂದ ಎರಡನೆಯದರ ವೋಲ್ಟೇಜು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಎರಡನೆಯದೂ ಮೊದಲನೆಯದರಂತೆಯೇ ತೂಗಾಡತೊಡಗಿದಾಗ ಕಾರಿನ ಗಣಕವು ಪಿ 0420 ಎಂದು ದಾಖಲಿಸುತ್ತದೆ. ಕೆಲವು ಕಾರುಗಳಲ್ಲಿ ಮೊದಲ ಸೆನ್ಸರ್ ಬೇರೆ ಬಗೆಯದಾಗಿರುವುದರಿಂದ ಎರಡನೆಯದರ ಗೆರೆಯನ್ನೇ ಮುಖ್ಯವಾಗಿ ಗಮನಿಸಬೇಕು. ಕನ್ವರ್ಟರಿನ ಕಾರ್ಯಕ್ಷಮತೆ ನಿಗದಿತ ಮಟ್ಟಕ್ಕಿಂತ ಕಡಿಮೆ ಕಾಣುತ್ತಿದೆ ಎಂಬುದಷ್ಟೇ ಈ ಸಂಕೇತದ ತಾತ್ಪರ್ಯ. ಅದಕ್ಕೆ ಕಾರಣವೇನೆಂದು ಅದು ಹೇಳುವುದಿಲ್ಲ.

ತಪಾಸಣೆಯ ಕ್ರಮ

1. ಬೇರೆ ಸಂಕೇತಗಳೂ ಇವೆಯೇ ನೋಡಬೇಕು. ಪಿ 0300ರಿಂದ ಆರಂಭವಾಗುವವು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಸೂಚಿಸುತ್ತವೆ. ಆಗ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್‌ಗಳನ್ನು ಮೊದಲು ಸರಿಪಡಿಸಬೇಕು.

2. ಕನ್ವರ್ಟರಿನ ಹಿಂದುಮುಂದಿನ ಕೊಳವೆಯ ಜೋಡಣೆಗಳಲ್ಲಿ ಸೋರಿಕೆ ಇದೆಯೇ ಪರೀಕ್ಷಿಸಬೇಕು. ಸಣ್ಣ ಬಿರುಕಿನಿಂದ ಹೊರಗಾಳಿ ಒಳಸೇರಿದರೂ ಸೆನ್ಸರಿನ ಅಳತೆ ತಪ್ಪುತ್ತದೆ.

3. ಸೆನ್ಸರುಗಳ ವೈರು ಸುಟ್ಟಿದೆಯೇ, ತುಂಡಾಗಿದೆಯೇ ನೋಡಿ, ಎಂಜಿನ್ ಪೂರ್ಣ ಬಿಸಿಯಾದ ಮೇಲೆ ಎರಡರ ಗೆರೆಗಳನ್ನೂ ಸ್ಕ್ಯಾನರಿನಲ್ಲಿ ಹೋಲಿಸಬೇಕು.

4. ಎಂಜಿನ್ ಆಯಿಲ್ ಅಥವಾ ಕೂಲೆಂಟ್ ಪದೇ ಪದೇ ಕಡಿಮೆಯಾಗುತ್ತಿದೆಯೇ ವಿಚಾರಿಸಬೇಕು. ಅವು ಉರಿದಾಗ ಲೇಪದ ಮೇಲೆ ಕೂರುವ ಅಂಶಗಳು ಕನ್ವರ್ಟರನ್ನು ಕೆಡಿಸುತ್ತವೆ. ಮೂಲದೋಷ ಉಳಿದರೆ ಹೊಸ ಕನ್ವರ್ಟರಿಗೂ ಅದೇ ಗತಿ.

ಇವೆಲ್ಲವೂ ಸರಿಯಿದ್ದು, ಎರಡನೆಯ ಸೆನ್ಸರ್ ತೂಗಾಡುತ್ತಲೇ ಇದ್ದರೆ ಮಾತ್ರ ಕನ್ವರ್ಟರ್ ಕೆಟ್ಟಿದೆಯೆಂದು ತೀರ್ಮಾನಿಸಬಹುದು. ತಟ್ಟಿದಾಗ ಒಳಗೆ ಗಲಗಲ ಸದ್ದಾದರೆ ದಿಂಡು ಒಡೆದಿರುವ ಸಂಭವವಿದೆ. ಬದಲಿಸಿದಾಗ ಹಳೆಯದನ್ನು ಕೇಳಿ ಪಡೆಯಿರಿ. ಅದರಲ್ಲಿರುವ ಲೋಹಗಳಿಗೆ ಬೆಲೆಯಿದೆ.

ದೀಪವು ಮಿನುಗತೊಡಗಿದರೆ ಓಡಿಸುವುದನ್ನು ಮುಂದುವರಿಸಬಾರದು. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ನುಗ್ಗಿ, ಅಲ್ಲಿ ಉರಿದು, ದಿಂಡನ್ನು ಕರಗಿಸಬಲ್ಲದು.

ಕೊಳ್ಳುವ ಮುನ್ನ

ಮಂಗಳೂರಿನಲ್ಲಿ ಕೊಂಡ ಕಾರನ್ನು ಕಾಸರಗೋಡಿಗೆ ತಂದ ಮೇಲೆ ದೋಷ ಕಂಡರೆ ಮಾರಿದವರ ಬಳಿಗೆ ಮರಳುವುದು ಕಷ್ಟ. ಹಣ ಕೊಡುವ ಮುನ್ನವೇ ಸ್ಕ್ಯಾನ್ ಮಾಡಿಸುವುದು ಲೇಸು. ಕೀಲಿ ತಿರುಗಿಸಿದಾಗ ಎಂಜಿನ್ ದೀಪ ಹೊತ್ತಿ, ಎಂಜಿನ್ ಚಾಲೂ ಆದ ಬಳಿಕ ಆರಬೇಕು. ಅದು ಹೊತ್ತಿಕೊಳ್ಳದಿದ್ದರೆ ಸಂಶಯಪಡಬೇಕು. ಸಂಕೇತವನ್ನು ಸ್ಕ್ಯಾನರಿನಿಂದ ಅಳಿಸಿಹಾಕುವುದು ಸುಲಭ. ಆದರೆ ಅಳಿಸಿದಾಗ ಕಾರಿನ ಸ್ವಯಂಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ. ಸ್ಕ್ಯಾನರಿನ 'ರೆಡಿನೆಸ್' ಪುಟದಲ್ಲಿ ಹಲವು ಪರೀಕ್ಷೆಗಳು ಅಪೂರ್ಣವೆಂದು ಕಂಡರೆ, ಇತ್ತೀಚೆಗೆ ಸಂಕೇತ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು. ಕೆಲವು ದಿನ ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಲು ಕೇಳಿಕೊಳ್ಳಿ.

ಹೊಗೆ ತಪಾಸಣೆಯ ಪ್ರಮಾಣಪತ್ರವೊಂದನ್ನೇ ನೆಚ್ಚುವಂತಿಲ್ಲ. ಪೆಟ್ರೋಲ್ ಕಾರಿನ ಆ ತಪಾಸಣೆಯಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ.

ಖರ್ಚು ಉಳಿಸಲು ಕನ್ವರ್ಟರನ್ನು ಕಿತ್ತು ಬರಿಯ ಕೊಳವೆ ಹಾಕಿಸುವ ಸಲಹೆಗೆ ಕಿವಿಗೊಡಬಾರದು. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯಿದೆಯ 190(2)ನೇ ಕಲಂ ಪ್ರಕಾರ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅದಕ್ಕಿಂತ ಮಿಗಿಲಾಗಿ, ಶಾಲೆಯ ಗೇಟಿನ ಮುಂದೆ ಚಾಲೂ ಸ್ಥಿತಿಯಲ್ಲಿ ನಿಂತ ಅಂತಹ ಕಾರಿನ ಹೊಗೆಯನ್ನು ಉಸಿರಾಡುವವರು ನಮ್ಮ ಮಕ್ಕಳೇ.