ಮರಳಿ ಬಂದವರನ್ನು ಬರಮಾಡಿಕೊಂಡವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಯುದ್ಧದ ನೆನಪು ಹೊಸತಲ್ಲ. 1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಈ ಸೀಮೆಯದೇ. ಗೆದ್ದ ಸುಲ್ತಾನರ ಕಥೆಯೂ ಮಡಿದ ರಾಮರಾಯನ ಕಥೆಯೂ ಶಾಲೆಯ ಮಕ್ಕಳಿಗೆ ಗೊತ್ತು. ಆದರೆ ದಂಡು ಎಳೆದೊಯ್ದ ಹುಡುಗರು ಯುದ್ಧ ಮುಗಿದ ಮೇಲೆ ಏನಾಗುತ್ತಾರೆ, ಅವರನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ತಾಳಿಕೋಟೆಯ ಕಾಳಗವಾಗಿ ಎರಡು ಶತಮಾನಗಳು ಕಳೆದ ಮೇಲೆ, ಇದೇ ಕನ್ನಡ ನಾಡಿನ ದಕ್ಷಿಣದಲ್ಲಿ ನಡೆದ ಮೈಸೂರು ಯುದ್ಧಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಆ ಕಾಲದಲ್ಲಿ ಬಾಲಕರನ್ನು ಯುದ್ಧಕ್ಕೆ ಬಳಸದ ಪಕ್ಷವೇ ಇರಲಿಲ್ಲ. ಇಂಗ್ಲಿಷರ ಪಡೆಗಳಲ್ಲಿ ತಮಟೆ ಬಾರಿಸುವವರು ಎಳೆಯ ಹುಡುಗರು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನೇ ಒತ್ತೆಯಾಳುಗಳಾಗಿ ಕೊಂಡೊಯ್ದವರೂ ಅವರೇ. ಇತ್ತ ಮೈಸೂರಿನ ಸೈನ್ಯದಲ್ಲಿ ಸೆರೆ ಸಿಕ್ಕ ಹುಡುಗರಿಂದಲೂ ತರುಣರಿಂದಲೂ ಕಟ್ಟಿದ ‘ಚೇಲಾ’ ದಳಗಳಿದ್ದವು. ಮತಾಂತರ, ಹೊಸ ಹೆಸರು, ಹೊಸ ಉಡುಪು, ಕವಾಯತು — ಇಷ್ಟಾದರೆ ಹುಡುಗ ಸಿಪಾಯಿಯಾಗುತ್ತಿದ್ದ. ಕೊಡಗಿನ ಸೆರೆಯಾಳುಗಳೂ ಕೆನರಾ ಜಿಲ್ಲೆಯ ಕಥೋಲಿಕ ತರುಣರೂ ಇಂತಹ ದಳಗಳಿಗೆ ಸೇರಿಸಲ್ಪಟ್ಟರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ 1784ರ ಫೆಬ್ರವರಿಯ ವಿಭೂತಿ ಬುಧವಾರದಂದು ಕೆನರಾದ ಕಥೋಲಿಕರ ಬಂಧನವಾಯಿತು. ಸಾವಿರಾರು ಕುಟುಂಬಗಳು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದವು. ಅನೇಕರು ದಾರಿಯಲ್ಲಿಯೇ ಅಸುನೀಗಿದರು.

ಇಂತಹ ದಳದಿಂದ ಹೊರಬಂದವನ ಅಂತರಂಗ ಹೇಗಿದ್ದೀತು? ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗನ ಬಾಳು ಅದನ್ನು ತಿಳಿಸುತ್ತದೆ. ಹದಿಹರೆಯದಲ್ಲಿ ಹಡಗಿನ ಮೇಲೆ ಫ್ರೆಂಚರ ಕೈಗೆ ಸಿಕ್ಕಿದ ಅವನನ್ನು 1782ರಲ್ಲಿ ಹೈದರಾಲಿಗೆ ಒಪ್ಪಿಸಲಾಯಿತು. ಹತ್ತು ವರ್ಷ ಸೆರೆಯಲ್ಲಿದ್ದು ಅವನು ತಪ್ಪಿಸಿಕೊಂಡು ತನ್ನವರನ್ನು ಸೇರಿದ. ಆದರೆ ಅಷ್ಟರಲ್ಲಿ ಕುರ್ಚಿಯ ಮೇಲೆ ಕುಳಿತುಕೊಳ್ಳುವ, ಚಾಕು ಮುಳ್ಳುಚಮಚ ಹಿಡಿದು ಉಣ್ಣುವ ರೂಢಿ ತಪ್ಪಿತ್ತು, ತಾಯ್ನುಡಿ ತೊದಲುತ್ತಿತ್ತು, ತನ್ನ ನಾಡಿನ ಉಡುಪೇ ಮೈಗೆ ಭಾರವೆನಿಸುತ್ತಿತ್ತು. ಅವನ ಆತ್ಮಕಥನ ಅಚ್ಚಾದದ್ದು 1824ರಲ್ಲಿ, ಅವನು ತೀರಿಕೊಂಡ ಬಳಿಕ. ಸೆರೆಯಿಂದ ಬಿಡುಗಡೆಯಾಗುವುದಕ್ಕೆ ಒಂದು ರಾತ್ರಿ ಸಾಕು. ಸೆರೆಯು ಒಳಗಿನಿಂದ ಬಿಟ್ಟುಹೋಗುವುದಕ್ಕೆ ವರ್ಷಗಳು ಬೇಕು. ಈಜಿಪ್ಟಿನ ಹೆಸರನ್ನೂ ಉಡುಪನ್ನೂ ಧರಿಸಿದ್ದ ಜೋಸೆಫನನ್ನು ಒಡಹುಟ್ಟಿದವರೇ ಗುರುತಿಸಲಾರದೆ ಹೋದುದನ್ನು ಇಲ್ಲಿ ನೆನೆಯಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಸೆರೆಯ ಬಾಗಿಲು ತೆರೆಯಿತು. ಹದಿನೈದು ವರ್ಷಗಳ ಹಿಂದೆ ಬಾಲಕರಾಗಿ ಬಂದವರು ಈಗ ಗಂಡಸರಾಗಿದ್ದರು. ಹಲವರಿಗೆ ತಿಳಿದಿದ್ದ ಕಸುಬು ಸಿಪಾಯಿಗಿರಿಯೊಂದೇ. ಅವರೆದುರು ಎರಡು ಭಯಗಳಿದ್ದವು: ಊರಿನವರು ಸೇರಿಸಿಕೊಳ್ಳುವರೇ, ಧರ್ಮಸಭೆ ಕ್ಷಮಿಸುವುದೇ?

ಮೈಸೂರು ಸೀಮೆಯ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ಬಂದವರು ಫ್ರೆಂಚ್ ಗುರು ಅಬ್ಬೆ ದುಬೋಯ್. ಸೆರೆಯಲ್ಲಿದ್ದವರು ವಿಶ್ವಾಸಕ್ಕಾಗಿ ಪ್ರಾಣ ಕೊಡಲಿಲ್ಲವೆಂದು ಅವರು ಮುಂದೆ ತಮ್ಮ ಪತ್ರಗಳಲ್ಲಿ ಕಟುವಾಗಿಯೇ ಬರೆದರು. ಬರೆದದ್ದು ಕಟು, ಮಾಡಿದ್ದು ಬೇರೆ. ಹೊರಗೆ ಮಾತ್ರ ಬದಲಾಗಿದ್ದೆವು, ಒಳಗೆ ನಮ್ಮ ವಿಶ್ವಾಸ ಹಾಗೆಯೇ ಇತ್ತು ಎಂದು ಹೇಳಿಕೊಂಡು ತಮ್ಮ ಬಳಿಗೆ ಬಂದವರು ಸುಮಾರು 2,000 ಮಂದಿಯೆಂದೂ, ಸುಮಾರು 20,000 ಮಂದಿ ಮಂಗಳೂರಿನ ಕಡೆಗೆ ಮರಳಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರೇ ದಾಖಲಿಸಿದ್ದಾರೆ. ಬಂದವರಿಗೆ ಬಾಗಿಲು ಮುಚ್ಚಲಿಲ್ಲ. ಕ್ಷಮೆಯ ಮಾತಿನಿಂದ ಹೊಟ್ಟೆ ತುಂಬದೆಂಬುದನ್ನೂ ದುಬೋಯ್ ಬಲ್ಲವರಾಗಿದ್ದರು. ನಿರ್ಗತಿಕ ಕ್ರೈಸ್ತರಿಗಾಗಿ ಅವರು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಹಾಸನದ ಬಳಿಯ ಸಾತಿಹಳ್ಳಿ ಅವುಗಳಲ್ಲೊಂದು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ಅವರು ಮುಂದಾದರು. ಕರಾವಳಿಗೆ ಗೋವೆಯ ಮಹಾಧರ್ಮಾಧ್ಯಕ್ಷರು 1800ರಲ್ಲಿ ಗುರುಗಳನ್ನು ಕಳುಹಿಸಿದರು. ಕಲೆಕ್ಟರ್ ರೇವನ್‌ಷಾ ಅವರ ಕಾಲದಲ್ಲಿ, ಕಳೆದುಹೋಗಿದ್ದ ಜಮೀನುಗಳನ್ನು ಮರಳಿ ಪಡೆಯಲು ನೆರವು ದೊರೆಯಿತು. ನೆಲ, ದುಡಿಮೆ, ಆರೋಗ್ಯ, ಪ್ರಾರ್ಥಿಸಲು ಒಂದು ಮನೆ, ಹೆಸರು ಹಿಡಿದು ಕರೆಯುವ ನೆರೆಹೊರೆ: ಬದುಕು ಮರಳಿ ಚಿಗುರಿದ್ದು ಇವುಗಳಿಂದ.

ಎರಡು ಶತಮಾನಗಳ ಬಳಿಕ ಲೋಕವು ಈ ಅನುಭವವನ್ನೇ ನಿಯಮವಾಗಿ ಬರೆದುಕೊಂಡಿತು. ಯುದ್ಧದಲ್ಲಿ ಮಕ್ಕಳನ್ನು ಬಳಸುವುದನ್ನು ತಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆ 2000ದಲ್ಲಿ ಅಂಗೀಕೃತವಾಗಿ 2002ರಲ್ಲಿ ಜಾರಿಗೆ ಬಂದಿತು. ಭಾರತ ಅದನ್ನು 2005ರಲ್ಲಿ ಸ್ಥಿರೀಕರಿಸಿತು. ಆಯುಧ ಹಿಡಿದ ಮಗುವನ್ನು ಮೊದಲು ನೊಂದ ಜೀವವೆಂದೇ ಕಾಣಬೇಕೆಂದು 2007ರ ಪ್ಯಾರಿಸ್ ತತ್ತ್ವಗಳು ಸಾರಿದವು. ಉತ್ತರ ಉಗಾಂಡದ ಅಚೋಲಿ ಜನರಲ್ಲಿ, ಬಂಡುಕೋರರ ಸೆರೆಯಿಂದ ಬಂದ ಮಕ್ಕಳು ಹಸಿ ಮೊಟ್ಟೆಯೊಂದನ್ನು ಮೆಟ್ಟಿ ಮನೆ ಸೇರುವ ಪದ್ಧತಿಯಿದೆ. ಹೊರಗಿನ ಮೈಲಿಗೆ ಅಲ್ಲಿಗೆ ಕಳೆಯಿತು. ಇನ್ನು ನೀನು ನಮ್ಮವನು ಎಂಬುದು ಅದರ ತಾತ್ಪರ್ಯ. ದುಂದುಗಾರ ಮಗನ ಸಾಮತಿಯಲ್ಲಿಯೂ ಹೀಗೆಯೇ ಅಲ್ಲವೇ? ಮಗನ ವಿಚಾರಣೆ ಮುಗಿಯಲೆಂದು ತಂದೆ ಕಾಯಲಿಲ್ಲ. ದೂರದಲ್ಲಿ ಕಂಡೊಡನೆ ಓಡಿಹೋಗಿ ಅಪ್ಪಿಕೊಂಡನು. ಒಳಗೆ ಬರಲು ಒಪ್ಪದೆ ಹೊರಗೆ ನಿಂತವನು ಅಣ್ಣ.

ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳ ಕೈಯಲ್ಲಿ ಇಂದು ಬಂದೂಕಿಲ್ಲ. ಆದರೂ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೆ ಹೋದ ತಂದೆತಾಯಿಯರ ಬೆನ್ನಿಗೆ ನಡೆದು, ಶಾಲೆ ತಪ್ಪಿ, ಎಳೆಯ ವಯಸ್ಸಿಗೆ ಮೀರಿದ್ದನ್ನು ಕಂಡು ಮರಳುವ ಮಕ್ಕಳಿದ್ದಾರೆ. ಯುದ್ಧದ ಗಾಯಕ್ಕೆ ಇದು ಸಮಾನವೆಂದು ಹೇಳಲಾಗದು. ಆದರೆ ಮರಳಿ ಬಂದ ಮಗುವಿಗೆ ಬೇಕಾದದ್ದು ಎರಡೂ ಕಡೆ ಒಂದೇ. ಶ್ರೀರಂಗಪಟ್ಟಣದಿಂದ ಬಂದವರನ್ನು ಅಂದು ಸೇರಿಸಿಕೊಂಡವರಿದ್ದರು. ತರಗತಿಯ ಬಾಗಿಲಲ್ಲಿ ಹಿಂಜರಿದು ನಿಂತ ಮಗುವನ್ನು ಇಂದು ನಾವು ‘ಇಷ್ಟು ದಿನ ಎಲ್ಲಿದ್ದೆ’ ಎಂದು ಗದರಿಸುವೆವೋ, ಸರಿದು ಕುಳಿತು ಪಕ್ಕದಲ್ಲಿ ಜಾಗ ಕೊಡುವೆವೋ?