ಹಕ್ಕು ಕಾಯ್ದೆಯಲ್ಲಿ, ಸಹಿ ಮನೆ ಮಾಲೀಕರ ಕೈಯಲ್ಲಿ: ಜರ್ಮನಿಯ ವಿದ್ಯಾರ್ಥಿ ವಾಸ ಪರವಾನಗಿಯ ಒಂದು ಅಧ್ಯಯನ

2022–23ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರು ಚೀನೀಯರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಮರುವರ್ಷ ಅವರ ಸಂಖ್ಯೆ 49 ಸಾವಿರ ದಾಟಿತು. ಅಲ್ಲಿಗೆ ಹೊರಟವರ ಮನೆಗಳಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಎರಡು ವಿಷಯಗಳ ಸುತ್ತ ತಿರುಗುತ್ತದೆ: ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಒಂದು, ಓದು ಮುಗಿದ ಮೇಲೆ ಕೆಲಸ ಸಿಕ್ಕೀತೇ ಎಂಬುದು ಇನ್ನೊಂದು. ಇವೆರಡರ ನಡುವಿನ ಕಾಲವನ್ನು, ಅಂದರೆ ಒಬ್ಬ ವಿದ್ಯಾರ್ಥಿ ಆ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದಾನೆ ಎಂದು ತೋರಿಸಲು ಬೇಕಾಗುವ ಕಾಗದಗಳ ಸರಣಿಯನ್ನು, ಈ ಲೇಖನ ಪರಿಶೀಲಿಸುತ್ತದೆ.

ನನ್ನ ವಾದ ಇಷ್ಟು. ಕಳೆದ ಎರಡು ದಶಕಗಳಲ್ಲಿ ಜರ್ಮನಿಯ ವಾಸ ಕಾನೂನು ಹಂತಹಂತವಾಗಿ ವಿದ್ಯಾರ್ಥಿಯ ಪರವಾಗಿ ಸರಿದಿದೆ, ಅಧಿಕಾರಿಯ ವಿವೇಚನಾಧಿಕಾರ ಕುಗ್ಗಿದೆ. ಕುಗ್ಗಿದ ಆ ಅಧಿಕಾರ ಎಲ್ಲಿಗೂ ಹೋಗಿಲ್ಲ. ಮನೆ ಬಾಡಿಗೆಗೆ ಕೊಡುವವರು, ಖಾತೆ ತೆರೆಯುವ ಕಂಪನಿ, ವಿಮಾ ಸಂಸ್ಥೆ ಮತ್ತು ಕಚೇರಿಯ ಸರದಿ, ಇವರಿಗೆಲ್ಲ ಅದು ಚೂರುಚೂರಾಗಿ ಹಂಚಿಹೋಗಿದೆ. ಅಧಿಕಾರಿ ‘ಇಲ್ಲ’ ಎಂದು ಬರೆದು ಕೊಟ್ಟರೆ ಅದರ ಮೇಲೆ ನ್ಯಾಯಾಲಯಕ್ಕೆ ಹೋಗಬಹುದು. ಮನೆ ಮಾಲೀಕರು ಫೋನ್ ಎತ್ತದಿದ್ದರೆ ಯಾವ ನ್ಯಾಯಾಲಯಕ್ಕೆ ಹೋಗುವುದು?

ಕಾನೂನು ನಡೆದು ಬಂದ ದಾರಿಯನ್ನು ಮೊದಲು ನೋಡೋಣ. 1991ರಲ್ಲಿ ಜಾರಿಗೆ ಬಂದ ವಿದೇಶಿಯರ ಕಾಯ್ದೆಯಡಿ ವಿದ್ಯಾರ್ಥಿಗೆ ಸಿಗುತ್ತಿದ್ದುದು ಒಂದು ಉದ್ದೇಶಕ್ಕೆ ಕಟ್ಟಿಹಾಕಿದ ಅನುಮತಿ. ಓದು ಮುಗಿಯಿತೆಂದರೆ ಉದ್ದೇಶ ತೀರಿತು, ಊರಿಗೆ ಹೊರಡಬೇಕು. 2000ದ ಫೆಬ್ರವರಿಯಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಹ್ಯಾನೋವರ್‌ನ ಕಂಪ್ಯೂಟರ್ ಮೇಳದಲ್ಲಿ ಐಟಿ ಪರಿಣತರಿಗೆ ‘ಗ್ರೀನ್ ಕಾರ್ಡ್’ ಘೋಷಿಸಿದರು. ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯದ ಚುನಾವಣೆಗೆ ನಿಂತಿದ್ದ ಯೂರ್ಗನ್ ರ‍್ಯೂಟ್‌ಗರ್ಸ್, ಭಾರತೀಯರನ್ನು ಕರೆತರುವ ಬದಲು ನಮ್ಮ ಮಕ್ಕಳಿಗೆ ಕಲಿಸಿ ಎಂಬ ಅರ್ಥದ ಘೋಷಣೆ ಹಿಡಿದು ಹೊರಟರು. ಮೇ ತಿಂಗಳ ಆ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಇಂದಿನ ವಾಸ ಕಾಯ್ದೆ ಬಂದದ್ದು 2005ರ ಜನವರಿಯಲ್ಲಿ. ಪದವಿ ಪಡೆದವರು ಕೆಲಸ ಹುಡುಕಿಕೊಂಡು ಒಂದು ವರ್ಷ ಇರಬಹುದು ಎಂದು ಅದು ಹೇಳಿತು. 2012ರಲ್ಲಿ ಆ ಅವಧಿ 18 ತಿಂಗಳಾಯಿತು.

ಇದಕ್ಕಿಂತ ದೊಡ್ಡ ತಿರುವು ಸಿಕ್ಕಿದ್ದು ಲಕ್ಸೆಂಬರ್ಗ್‌ನಲ್ಲಿ. ಡಾರ್ಟ್‌ಮುಂಡ್‌ನಲ್ಲಿ ಗಣಿತ ಓದಲು ಪ್ರವೇಶ ಪಡೆದಿದ್ದ ಟ್ಯುನಿಷಿಯಾದ ಒಬ್ಬ ವಿದ್ಯಾರ್ಥಿಗೆ ವೀಸಾ ನಿರಾಕರಿಸಿದ ಪ್ರಕರಣ (ಸಿ-491/13) ಐರೋಪ್ಯ ಒಕ್ಕೂಟದ ನ್ಯಾಯಾಲಯದ ಮುಂದೆ ಬಂತು. ಒಕ್ಕೂಟದ ನಿರ್ದೇಶನದಲ್ಲಿರುವ ಷರತ್ತುಗಳನ್ನು ಪೂರೈಸಿದ ವಿದ್ಯಾರ್ಥಿಯನ್ನು ಸದಸ್ಯ ರಾಷ್ಟ್ರ ಒಳಗೆ ಬಿಡಲೇಬೇಕು, ತನ್ನದೇ ಹೊಸ ಷರತ್ತು ಸೇರಿಸುವಂತಿಲ್ಲ ಎಂದು ನ್ಯಾಯಾಲಯ 2014ರ ಸೆಪ್ಟೆಂಬರ್ 10ರಂದು ತೀರ್ಪು ಕೊಟ್ಟಿತು. 2017ರಲ್ಲಿ ಜರ್ಮನ್ ಕಾಯ್ದೆಯೇ ಬದಲಾಗಿ, ಅಲ್ಲಿಯವರೆಗೆ ಕೊಡಬಹುದಾಗಿದ್ದ ಪರವಾನಗಿ ಕೊಡಲೇಬೇಕಾದ ಪರವಾನಗಿಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇದೇ ನ್ಯಾಯಾಲಯ ಡಾರ್ಮ್‌ಸ್ಟಾಟ್‌ಗೆ ಪಿಎಚ್‌.ಡಿ.ಗೆ ಹೊರಟಿದ್ದ ಇರಾನಿನ ಸಂಶೋಧಕಿಯೊಬ್ಬರ ಪ್ರಕರಣದಲ್ಲಿ (ಸಿ-544/15) ಸಾರ್ವಜನಿಕ ಭದ್ರತೆಯ ಹೆಸರಿನಲ್ಲಿ ಅಧಿಕಾರಿಗಳಿಗೆ ವಿಶಾಲ ಅವಕಾಶ ಉಳಿಸಿತು ಎಂಬುದನ್ನೂ ಮರೆಯಬಾರದು. ಆದರೂ ಒಟ್ಟು ದಿಕ್ಕು ಸ್ಪಷ್ಟ. 2024ರ ಮಾರ್ಚ್‌ನಿಂದ ಪರವಾನಗಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಸಿಗಬೇಕು. ವರ್ಷದಲ್ಲಿ 120 ಪೂರ್ಣ ದಿನಗಳಿಗೆ ಸೀಮಿತವಾಗಿದ್ದ ದುಡಿಮೆಯ ಮಿತಿ 140ಕ್ಕೆ ಏರಿತು. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ಷರತ್ತುಗಳನ್ನು ಪೂರೈಸುವುದು ಹೇಗೆ ಎಂಬ ಪ್ರಶ್ನೆ. ಭಾರತದಿಂದ ಹೊರಡುವವರಿಗೆ 2022ರ ನವೆಂಬರ್ 1ರಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಅಂಕಪಟ್ಟಿ, ಪದವಿಪತ್ರ ಅಸಲಿಯೇ ಎಂದು ದೆಹಲಿಯಲ್ಲಿ ಪರೀಕ್ಷಿಸಿ ಕೊಡುವ ಪತ್ರ ಅದು. ಅದರ ಶುಲ್ಕ 18,000 ರೂಪಾಯಿ. ಚೀನಾದ ವಿದ್ಯಾರ್ಥಿಗಳಿಗೆ ಈ ವ್ಯವಸ್ಥೆ 2001ರಿಂದಲೇ ಇತ್ತು. ಇಲ್ಲಿ ಕರ್ನಾಟಕದಿಂದ ಹೋಗುವವರಿಗೆ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಹೆಸರಿನ ಮುಂದೆ ಊರು ಮತ್ತು ತಂದೆಯ ಮೊದಲಕ್ಷರಗಳು ಇರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಕೆಲವರ ಪಾಸ್‌ಪೋರ್ಟಿನಲ್ಲಂತೂ ಸರ್‌ನೇಮ್ ಜಾಗವೇ ಖಾಲಿ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗದ ಆನ್‌ಲೈನ್ ಅರ್ಜಿಯಲ್ಲಿ ಆ ಜಾಗಕ್ಕೆ ಏನಾದರೊಂದನ್ನು ತುಂಬಲೇಬೇಕು. ಬ್ಯಾಂಕಿನಲ್ಲಿ ಒಂದು, ವಿಮೆಯಲ್ಲಿ ಇನ್ನೊಂದು, ವಿಶ್ವವಿದ್ಯಾಲಯದಲ್ಲಿ ಮತ್ತೊಂದು ರೂಪದಲ್ಲಿ ದಾಖಲಾದ ಹೆಸರುಗಳು ಒಬ್ಬ ವ್ಯಕ್ತಿಯವೇ ಎಂದು ಸಾಬೀತುಪಡಿಸುವ ಹೊರೆ ವಿದ್ಯಾರ್ಥಿಯದೇ.

ಹಣದ ಪುರಾವೆಯ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳು ‘ಬ್ಲಾಕ್ಡ್ ಅಕೌಂಟ್’ ಎಂದು ಕರೆಯುವ ಖಾತೆಯೇ ಬಹುಮಂದಿಯ ದಾರಿ. ಒಂದು ವರ್ಷದ ಖರ್ಚನ್ನು ಮೊದಲೇ ಅದರಲ್ಲಿಟ್ಟರೆ ಪ್ರತಿ ತಿಂಗಳು ಒಂದು ಕಂತು ಕೈಗೆ ಬರುತ್ತದೆ. ಎಷ್ಟಿಡಬೇಕೆಂಬುದು ಜರ್ಮನ್ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಕೊಡುವ ಶಿಕ್ಷಣ ನೆರವಿನ ಗರಿಷ್ಠ ದರಕ್ಕೆ ಹೊಂದಿಕೊಂಡಿದೆ. 2018ರಲ್ಲಿ 8,640 ಯೂರೊ ಇದ್ದದ್ದು 2023ರ ಆರಂಭಕ್ಕೆ 11,208 ಆಯಿತು, 2024ರ ಸೆಪ್ಟೆಂಬರ್‌ನಿಂದ 11,904. ಅಂದರೆ ತಿಂಗಳಿಗೆ 992 ಯೂರೊ. ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೇಲಿನ ಮೊತ್ತ. ಅದು ಉಳಿತಾಯವೋ ಜಮೀನು ಅಡವಿಟ್ಟು ತಂದ ಸಾಲವೋ ಎಂದು ಕಾನೂನು ಕೇಳುವುದಿಲ್ಲ. ಆ 992ರ ಲೆಕ್ಕದ ಒಳಗೆ ಬಾಡಿಗೆಗೆಂದು ಹಿಡಿದಿರುವುದು 380 ಯೂರೊ. ಮ್ಯೂನಿಕ್‌ನಲ್ಲಿ ವಿದ್ಯಾರ್ಥಿನಿಲಯದ ಹೊರಗೆ ಆ ದುಡ್ಡಿಗೆ ಕೋಣೆ ಹುಡುಕಲು ಹೊರಟವರಿಗೆ ಈ ಅಂಕಿಯ ನಿಜವಾದ ಬೆಲೆ ತಿಳಿಯುತ್ತದೆ. ಖಾತೆಯ ಬದಲು ಜರ್ಮನಿಯಲ್ಲಿ ನೆಲೆಸಿದ ಒಬ್ಬರು ಜವಾಬ್ದಾರಿ ಪತ್ರ ಬರೆದುಕೊಡಬಹುದು. ಆ ಹೊಣೆ ಐದು ವರ್ಷ ಅವರ ತಲೆಯ ಮೇಲಿರುವುದರಿಂದ ದೂರದ ನೆಂಟರನ್ನು ಕೇಳುವ ಮಾತಲ್ಲ ಅದು.

ಪ್ರಮಾಣಪತ್ರ, ಹಣದ ಪುರಾವೆ ಎರಡೂ ಊರಲ್ಲೇ ಕೂತು ಮಾಡಿಕೊಳ್ಳಬಹುದಾದ ಕೆಲಸಗಳು. ನಿಜವಾದ ಗಂಟು ಬೀಳುವುದು ಅಲ್ಲಿ ಇಳಿದ ಮೇಲೆ, ವಿಳಾಸದ ನೋಂದಣಿಯಲ್ಲಿ. ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಅನ್ಮೆಲ್ಡುಂಗ್’. ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಇದನ್ನು ಮಾಡಿಸಬೇಕು. ಜರ್ಮನ್ ಪ್ರಜೆಗೂ ನಿಯಮ ಇದೇ. ಆದರೆ ಹೊಸಬರ ಪಾಲಿಗೆ ಉಳಿದೆಲ್ಲ ಕಾಗದಗಳೂ ಇದಕ್ಕೇ ಜೋತುಬಿದ್ದಿವೆ. ಯಾವ ವಿದೇಶಿಯರ ಕಚೇರಿಗೆ ಅರ್ಜಿ ಹಾಕಬೇಕೆಂಬುದು ನೋಂದಾಯಿತ ವಿಳಾಸದಿಂದ ತೀರ್ಮಾನವಾಗುತ್ತದೆ. ಸಂಬಳದಿಂದ ಸರಿಯಾದ ತೆರಿಗೆ ಕಡಿತಗೊಳಿಸಲು ಬೇಕಾದ ಹನ್ನೊಂದು ಅಂಕಿಯ ಸಂಖ್ಯೆ ಆ ವಿಳಾಸಕ್ಕೇ ಅಂಚೆಯಲ್ಲಿ ಬರುತ್ತದೆ, ಅದೂ ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸಿದ್ದರೆ. ಅನೇಕ ಬ್ಯಾಂಕುಗಳು ಸಾಧಾರಣ ಖಾತೆ ತೆರೆಯಲೂ ನೋಂದಣಿ ಚೀಟಿ ಕೇಳುತ್ತವೆ. ವಾಸ ಪರವಾನಗಿಯ ಕಾರ್ಡಿನ ಮೇಲೂ ಈ ವಿಳಾಸವೇ ಅಚ್ಚಾಗುತ್ತದೆ.

ನೋಂದಣಿಗೆ ಪಾಸ್‌ಪೋರ್ಟ್ ಇದ್ದರೆ ಸಾಲದು, ಮನೆ ಕೊಟ್ಟವರ ಸಹಿಯೂ ಬೇಕು. ಬಾಡಿಗೆ ಕರಾರು ತೋರಿಸಿದರೂ ನಡೆಯುವುದಿಲ್ಲ, ಇಂಥವರು ಇಂಥ ದಿನ ನನ್ನ ಮನೆಗೆ ಬಂದರು ಎಂಬ ಪ್ರತ್ಯೇಕ ದೃಢೀಕರಣವೇ ಆಗಬೇಕು. ಹಿಂದೆ ಇದ್ದ ಈ ನಿಯಮವನ್ನು ನಿರರ್ಥಕ ಕಾಗದಪತ್ರವೆಂದು 2002ರಲ್ಲಿ ಕೈಬಿಡಲಾಗಿತ್ತು. ಸುಳ್ಳು ವಿಳಾಸಗಳನ್ನು ತಡೆಯಲೆಂದು 2015ರ ನವೆಂಬರ್ 1ರಿಂದ ಜರ್ಮನ್ ಒಕ್ಕೂಟ ಸರ್ಕಾರದ ನೋಂದಣಿ ಕಾಯ್ದೆಯಲ್ಲಿ ಅದನ್ನು ಮತ್ತೆ ತರಲಾಯಿತು. ತಂದವರ ಮನಸ್ಸಿನಲ್ಲಿ ವಿದ್ಯಾರ್ಥಿಗಳು ಇದ್ದಂತಿಲ್ಲ. ಪೆಟ್ಟು ಬಿದ್ದದ್ದು ಮಾತ್ರ ಅವರಿಗೆ ಹೆಚ್ಚು. ವಿದ್ಯಾರ್ಥಿನಿಲಯದ ಕೋಣೆಗೆ ಕಾಯುವವರ ಪಟ್ಟಿ ಉದ್ದವಿರುತ್ತದೆ. ಹೊಸಬರು ಮೊದಲ ವಾರಗಳನ್ನು ಪ್ರವಾಸಿ ಹಾಸ್ಟೆಲ್‌ನಲ್ಲೋ ಪರಿಚಿತರ ಸೋಫಾದ ಮೇಲೋ ಒಳಬಾಡಿಗೆಯ ಕೋಣೆಯಲ್ಲೋ ಕಳೆಯುತ್ತಾರೆ. ಒಳಬಾಡಿಗೆಗೆ ಮೂಲ ಮಾಲೀಕರ ಒಪ್ಪಿಗೆ ಬೇಕು. ಒಪ್ಪಿಗೆ ಪಡೆಯದೆ ಕೋಣೆ ಬಿಟ್ಟುಕೊಟ್ಟವರು ಯಾವ ಕಾಗದಕ್ಕೂ ಸಹಿ ಹಾಕಲು ಹೆದರುತ್ತಾರೆ. ಹೀಗಾಗಿ ಅಲ್ಲಿನ ಕನ್ನಡಿಗರ ವಾಟ್ಸ್ಆಪ್ ಗುಂಪುಗಳಲ್ಲಿ ಬಾಡಿಗೆ ಎಷ್ಟು ಎನ್ನುವುದಕ್ಕೂ ಮೊದಲು ಬರುವ ಪ್ರಶ್ನೆ, ‘ಅನ್ಮೆಲ್ಡುಂಗ್ ಆಗುತ್ತಾ?’

ಮಾಲೀಕರು ಸಹಿ ಹಾಕದಿದ್ದರೆ ಅದನ್ನು ಕಚೇರಿಗೆ ತಿಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ, ಮತ್ತು ಹಾಗೆ ನಿರಾಕರಿಸಿದವರಿಗೆ ದಂಡ ವಿಧಿಸಬಹುದು. ಕಾಗದದ ಮೇಲೆ ಪರಿಹಾರ ಪೂರ್ಣವಾಗಿದೆ. ಆದರೆ ಬಂದು ಹದಿನೈದು ದಿನವಾದ, ಭಾಷೆ ಬಾರದ, ಬೇರೆ ಕೋಣೆ ಇಲ್ಲದ ಒಬ್ಬ ಹುಡುಗಿ ತನಗೆ ಸೂರು ಕೊಟ್ಟವರ ಮೇಲೆ ದೂರು ಕೊಡುತ್ತಾಳೆಂದು ನಿರೀಕ್ಷಿಸುವುದು ಕಾನೂನು ಬರೆಯುವವರ ಭೋಳೆತನ. ಈ ಸಂದಿಯಲ್ಲೇ ವಿಳಾಸ ಮಾರುವ ದಂಧೆ ಹುಟ್ಟಿಕೊಂಡಿದೆ. ವಾಸವೇ ಇಲ್ಲದ ಮನೆಯ ವಿಳಾಸವನ್ನು ನೋಂದಣಿಗೆಂದು ಕೊಡುವವರಿಗೆ 50,000 ಯೂರೊವರೆಗೆ ದಂಡ ಬೀಳಬಹುದು, ಆದರೂ ಅದು ನಿಂತಿಲ್ಲ. ಬಾಡಿಗೆ ಪೇಟೆಯ ಅಭಾವವನ್ನು ನೋಂದಣಿ ಕಾಯ್ದೆ ವಲಸೆ ಕಾನೂನಿನೊಳಕ್ಕೆ ಹಾಯಿಸಿದೆ ಎಂದರೆ ಹೆಚ್ಚಾಗಲಾರದು.

ಆರೋಗ್ಯ ವಿಮೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ಸಿಗುತ್ತದೆ. ಆ ವಯಸ್ಸು ದಾಟಿ ಓದಲು ಹೋದವರು ಖಾಸಗಿ ವಿಮೆಯ ಷರತ್ತುಗಳನ್ನು ಕಣ್ಣಿಟ್ಟು ಓದಬೇಕು, ಏಕೆಂದರೆ ಅಗ್ಗದ ಪ್ರವಾಸಿ ವಿಮೆಯನ್ನು ವಿದೇಶಿಯರ ಕಚೇರಿ ಸಾಕೆಂದು ಒಪ್ಪುವುದಿಲ್ಲ.

ಹಂಚಿಹೋದ ಅಧಿಕಾರದ ಕೊನೆಯ ಪಾಲು ಕಾಲದ ಕೈಯಲ್ಲಿದೆ. ವಾಸ ಕಾಯ್ದೆ ಜರ್ಮನ್ ಒಕ್ಕೂಟ ಸರ್ಕಾರದ್ದು, ಅದನ್ನು ಜಾರಿ ಮಾಡುವ ಕಚೇರಿಗಳು ನಗರ ಮತ್ತು ಜಿಲ್ಲೆಗಳವು. ಇಂಥ ಕಚೇರಿಗಳು ದೇಶದಲ್ಲಿ 500ಕ್ಕೂ ಹೆಚ್ಚಿವೆ. ಬರ್ಲಿನ್ ತನ್ನದನ್ನು 2020ರ ಜನವರಿಯಲ್ಲಿ ಪ್ರತ್ಯೇಕ ವಲಸೆ ಇಲಾಖೆಯಾಗಿಸಿತು. ‘ಟರ್ಮಿನ್’ ಅಂದರೆ ಭೇಟಿಯ ಸಮಯ ಒಂದು ಊರಲ್ಲಿ ವಾರದೊಳಗೆ ಸಿಕ್ಕರೆ ಇನ್ನೊಂದರಲ್ಲಿ ತಿಂಗಳುಗಟ್ಟಲೆ ಸಿಗುವುದಿಲ್ಲ. ಒಪ್ಪಿಗೆ ಸಿಕ್ಕ ಮೇಲೂ ಕಾರ್ಡು ಬರ್ಲಿನ್‌ನ ಒಕ್ಕೂಟ ಮುದ್ರಣಾಲಯದಲ್ಲಿ ಅಚ್ಚಾಗಿ ಬರಲು ವಾರಗಳು ಹಿಡಿಯುತ್ತವೆ. ಚಿಪ್ ಇರುವ ಈ ಕಾರ್ಡು 2011ರ ಸೆಪ್ಟೆಂಬರ್‌ನಿಂದ ಬಂದದ್ದು. ಅದಕ್ಕೂ ಮುಂಚೆ ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿಯನ್ನು ಕಚೇರಿಯಲ್ಲೇ ಕೊಟ್ಟು ಕಳಿಸುತ್ತಿದ್ದರು.

ವಿಳಂಬದ ಅಪಾಯಕ್ಕೆ ಕಾಯ್ದೆಯ 81ನೆಯ ವಿಧಿಯಲ್ಲಿ ಮದ್ದಿದೆ. ಹಳೆಯ ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಹಳೆಯದೇ ಮುಂದುವರಿದಿದೆ ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ದುಡಿಯುವ ಹಕ್ಕು, ಹೊರಗೆ ಹೋಗಿ ಬರುವ ಹಕ್ಕು ಎರಡೂ ಉಳಿಯುತ್ತವೆ. ಈ ರಕ್ಷಣೆ ಅರ್ಜಿ ಹಾಕಿದ ಮಾತ್ರಕ್ಕೇ ಹುಟ್ಟುತ್ತದೆ, ಅದನ್ನು ತೋರಿಸುವ ಕಾಗದ ಕಚೇರಿ ಕೊಟ್ಟಾಗ ಮಾತ್ರ ಸಿಗುತ್ತದೆ. ಈ ಅಂತರವೇ ಇಡೀ ಸಮಸ್ಯೆಯ ತಿರುಳು. ಹಕ್ಕು ಇದೆ ಎಂದು ಕೆಲಸ ಕೊಟ್ಟವರ ಎಚ್‌ಆರ್ ವಿಭಾಗಕ್ಕೋ ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿಗೋ ವಿಧಿಯ ಸಂಖ್ಯೆ ಹೇಳಿ ಒಪ್ಪಿಸಲಾಗುವುದಿಲ್ಲ. ಊರಲ್ಲಿ ಮದುವೆಯೋ ಸಾವೋ ಆದಾಗ ಹೊರಡದೆ ಉಳಿಯುವವರು ಹೀಗೆಯೇ ಉಳಿಯುತ್ತಾರೆ, ಯಾವ ಅಧಿಕಾರಿಯೂ ತಡೆಯದೆ. ಮೂರು ತಿಂಗಳಾದರೂ ಸಕಾರಣವಿಲ್ಲದೆ ತೀರ್ಮಾನ ಬರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವ ದಾರಿಯಿದೆ. ಮುಂದಿನ ನವೀಕರಣಕ್ಕೂ ಅದೇ ಕಚೇರಿಗೇ ಹೋಗಬೇಕಾದವರು ಆ ದಾರಿಗೆ ಸುಲಭವಾಗಿ ಕಾಲಿಡುವುದಿಲ್ಲ.

ಬೆಂಗಳೂರಿನಲ್ಲಿರುವ ಅರ್ಜಿದಾರರ ಮಟ್ಟಿಗೆ ಒಂದು ದಾರಿ ಈಚೆಗೆ ಮುಚ್ಚಿತು. ವೀಸಾ ನಿರಾಕರಣೆಯಾದರೆ ಕಾನ್ಸುಲೇಟಿಗೇ ಪತ್ರ ಬರೆದು ಮರುಪರಿಶೀಲನೆ ಕೇಳುವ, ವಕೀಲರ ಅಗತ್ಯವೂ ಖರ್ಚೂ ಇಲ್ಲದ ವಿಧಾನವನ್ನು 2025ರ ಜುಲೈ 1ರಿಂದ ಜಗತ್ತಿನಾದ್ಯಂತ ರದ್ದು ಮಾಡಲಾಯಿತು. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಮರುಪರಿಶೀಲನೆ ಮಾಡುತ್ತಿದ್ದ ಸಿಬ್ಬಂದಿಯನ್ನು ವೀಸಾ ಕೆಲಸಕ್ಕೆ ಹಚ್ಚಿದರೆ ಎಲ್ಲರ ಅರ್ಜಿಯೂ ಬೇಗ ಮುಗಿಯುತ್ತದೆ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಒಂದು ಅಂಕಪಟ್ಟಿ ಬಿಟ್ಟುಹೋದದ್ದಕ್ಕೆ ಸೆಮಿಸ್ಟರ್ ಕಳೆದುಕೊಂಡವರಿಗೆ ಅದು ಸಮಾಧಾನವಾಗದು.

ಓದಿನ ಈ ವರ್ಷಗಳು ಮುಂದೆ ಯಾವ ಲೆಕ್ಕಕ್ಕೆ ಸೇರುತ್ತವೆ ಎಂಬುದರಲ್ಲೂ ಒಂದೇ ರಾಷ್ಟ್ರದ ಎರಡು ಕಾಯ್ದೆಗಳು ಎರಡು ಮಾತಾಡುತ್ತವೆ. ಕಾಯಂ ವಾಸದ ಸಾಮಾನ್ಯ ವಿಧಿಯಡಿ ವಿದ್ಯಾರ್ಥಿಯಾಗಿದ್ದ ಕಾಲದ ಅರ್ಧ ಮಾತ್ರ ಎಣಿಕೆಗೆ ಬರುತ್ತದೆ. ಪೌರತ್ವ ಕಾಯ್ದೆಯಲ್ಲಿ, 2024ರ ಜೂನ್‌ನಿಂದ ಐದು ವರ್ಷಕ್ಕೆ ಇಳಿದಿರುವ ಅವಧಿಗೆ, ಅದೇ ವರ್ಷಗಳು ಇಡಿಯಾಗಿ ಸೇರುತ್ತವೆ, ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿರುವುದು ವಿದ್ಯಾರ್ಥಿ ಪರವಾನಗಿ ಆಗಿರಬಾರದು ಅಷ್ಟೆ. ನವೀಕರಣದ ಅರ್ಜಿ ತಡವಾಗಿ ನಡುವೆ ಕೆಲ ದಿನ ಪರವಾನಗಿಯೇ ಇಲ್ಲದೆ ಕಳೆದಿದ್ದರೆ ಆ ಬಿರುಕನ್ನು, ಒಂದು ವರ್ಷದವರೆಗೆ, ವಾಸ ಕಾಯ್ದೆಯ 85ನೆಯ ವಿಧಿಯಡಿ ಕಚೇರಿ ಕಡೆಗಣಿಸಬಹುದು. ಕಡೆಗಣಿಸಲೇಬೇಕೆಂದು ಆ ವಿಧಿ ಹೇಳಿಲ್ಲ.