ಗೆಳತಿಯರಿಬ್ಬರ ಅಂಗಡಿ

ಸ್ನೇಹದ ನಡುವೆ ದುಡ್ಡು ಬಂದರೆ ಸ್ನೇಹ ಕೆಡುತ್ತದೆ ಎಂಬ ಬುದ್ಧಿಮಾತನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ಗಂಡಸರಿಗೆ ಈ ಮಾತು ಅಡ್ಡಿಯಾದಂತೆ ಕಾಣುವುದಿಲ್ಲ. ಯಾವ ಪೇಟೆಗೆ ಹೋದರೂ 'ಬ್ರದರ್ಸ್' ಎಂದೋ 'ಆ್ಯಂಡ್ ಸನ್ಸ್' ಎಂದೋ ಬರೆದ ಬೋರ್ಡುಗಳು ಸಿಗುತ್ತವೆ. ಇಬ್ಬರು ಗೆಳತಿಯರು ಕೂಡಿ ನಡೆಸುವ ಅಂಗಡಿ ಎಂದು ಹೇಳುವ ಬೋರ್ಡನ್ನು ನಮ್ಮ ಮೂಡುಬಿದಿರೆಯಲ್ಲಿ ನಾನು ಕಂಡಿಲ್ಲ.

ಟಿ.ವಿ.ಯ ಹಾಸ್ಯ ಧಾರಾವಾಹಿಗಳಿಗೆ ಮಾತ್ರ ಇದು ಹಳೆಯ ಸರಕು. ಅಮೆರಿಕದಲ್ಲಿ 1951ರಲ್ಲಿ ಆರಂಭವಾದ 'ಐ ಲವ್ ಲೂಸಿ'ಯಲ್ಲಿ ಲೂಸಿ ಮತ್ತು ನೆರೆಮನೆಯ ಎಥೆಲ್ ಪ್ರಾಣಸ್ನೇಹಿತೆಯರು. 1953ರ ಒಂದು ಕಂತಿನಲ್ಲಿ ಇವರಿಬ್ಬರೂ ಸೇರಿ ಬಟ್ಟೆ ಅಂಗಡಿಯೊಂದನ್ನು ಕೊಳ್ಳುತ್ತಾರೆ. ನಡೆಸಲಾರದೆ ಮಾರುತ್ತಾರೆ. ಅದನ್ನು ಕೊಂಡವನು ಇನ್ನೂ ದೊಡ್ಡ ಮೊತ್ತಕ್ಕೆ ಮಾರಿಕೊಂಡನೆಂದು ಆಮೇಲೆ ತಿಳಿಯುತ್ತದೆ. 1954ರ ಇನ್ನೊಂದು ಕಂತಿನಲ್ಲಿ ಹಸಿ ತರಕಾರಿಗೆ ಕಲಸುವ ಸಾಲಡ್ ಡ್ರೆಸಿಂಗನ್ನು ಜಾಡಿಗಳಲ್ಲಿ ತುಂಬಿ ಮಾರುತ್ತಾರೆ. ಬೇಡಿಕೆಯೇನೋ ಬಂತು, ಆದರೆ ತಯಾರಿಸುವ ಖರ್ಚೇ ಬೆಲೆಗಿಂತ ಹೆಚ್ಚು! ಮಾರಿದಷ್ಟೂ ನಷ್ಟ. ನೋಡಿದವರು ನಕ್ಕರು. ನಾವೂ ನಗುತ್ತೇವೆ. ಆದರೆ ಈ ನಗುವಿನ ಒಳಗೊಂದು ತೀರ್ಪಿದೆ: ಹೆಂಗಸರಿಗೆ ಲೆಕ್ಕ ಬಾರದು, ಗಂಡನ ಸಂಬಳವೇ ಭದ್ರ.

ವಿಚಿತ್ರವೆಂದರೆ ತೆರೆಯ ಹಿಂದಿನ ಕತೆ ಇದಕ್ಕೆ ತೀರ ಬೇರೆ. ಲೂಸಿಯ ಪಾತ್ರ ಮಾಡಿದ ಲೂಸಿಲ್ ಬಾಲ್ ಗಂಡ ಡೆಸಿ ಅರ್ನಾಜ್ ಜೊತೆ 'ಡೆಸಿಲು' ಎಂಬ ಕಂಪನಿ ಕಟ್ಟಿದ್ದಳು. 1960ರಲ್ಲಿ ಇಬ್ಬರಿಗೂ ವಿಚ್ಛೇದನವಾಯಿತು. 1962ರಲ್ಲಿ ಅವನ ಪಾಲನ್ನೂ ಕೊಂಡು ಅವಳೇ ಸ್ಟುಡಿಯೋದ ಯಜಮಾನಿಯಾದಳು. ಹೆಸರಾಂತ 'ಸ್ಟಾರ್ ಟ್ರೆಕ್' ಧಾರಾವಾಹಿ 1966ರಲ್ಲಿ ಆರಂಭವಾದದ್ದು ಅವಳ ಕಂಪನಿಯಿಂದಲೇ. ಅಂಗಡಿ ನಡೆಸಲಾರದ ಲೂಸಿಯಾಗಿ ಜನರನ್ನು ನಗಿಸಿದವಳು ಒಂದು ದೊಡ್ಡ ಸ್ಟುಡಿಯೋವನ್ನೇ ನಡೆಸಿದಳು!

ಆ ತೀರ್ಪು ಸಡಿಲವಾಗಲು ಮೂವತ್ತು ವರ್ಷ ಬೇಕಾಯಿತು. 1984ರಿಂದ 1989ರವರೆಗೆ ಬಂದ 'ಕೇಟ್ ಆ್ಯಂಡ್ ಆ್ಯಲಿ'ಯ ನಾಯಕಿಯರು ಚಿಕ್ಕಂದಿನ ಗೆಳತಿಯರು. ಇಬ್ಬರದೂ ಮದುವೆ ಮುರಿದಿದೆ. ನ್ಯೂಯಾರ್ಕಿನ ಒಂದೇ ಮನೆಯಲ್ಲಿ ಮಕ್ಕಳೊಂದಿಗೆ ಸಂಸಾರ ಹೂಡುತ್ತಾರೆ. ಕೇಟ್ ಟ್ರಾವೆಲ್ ಏಜೆನ್ಸಿಯ ಉದ್ಯೋಗಿ. ಆ್ಯಲಿ ಅಡುಗೆಮನೆ ಬಿಟ್ಟು ಬೇರೆ ಕಾಣದವಳು. ಮುಂದೆ ಇಬ್ಬರೂ ಕೂಡಿ ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ಕ್ಯಾಟರಿಂಗ್ ಆರಂಭಿಸುತ್ತಾರೆ. ಇಲ್ಲಿಯೂ ಎಡವಟ್ಟುಗಳಿವೆ, ಜಗಳವಿದೆ, ನಗುವಿದೆ. ಆದರೆ ಅವರ ಕಸುಬೇ ಒಂದು ತಮಾಷೆಯಲ್ಲ. ಅದು ಅವರ ಅನ್ನ. ಸಂಬಳವಿಲ್ಲದೆ ವರ್ಷಗಟ್ಟಲೆ ಮಾಡಿದ ಅಡುಗೆಗೇ ಆ್ಯಲಿ ಬೆಲೆ ಕಟ್ಟಲು ಕಲಿತಳು ಎಂಬುದು ನನಗೆ ಆ ಧಾರಾವಾಹಿಯ ದೊಡ್ಡ ಮಾತಾಗಿ ಕಾಣುತ್ತದೆ.

ಹಾಗೆಂದು ಅಮೆರಿಕದಿಂದಲೇ ಇದನ್ನು ಕಲಿಯಬೇಕಾದ ಗತಿ ನಮಗಿರಲಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಮುಂದೆ 'ಲಿಜ್ಜತ್' ಆಯಿತು. ಸುಮಾರು 45 ಸಾವಿರ ಹೆಂಗಸರಿಗೆ ದುಡಿಮೆ ಕೊಡುವಷ್ಟು ಬೆಳೆಯಿತು. ಅಲ್ಲಿ ದುಡಿಯುವವರೇ ಪಾಲುದಾರರು. ಲಾಭವಾಗಲಿ ನಷ್ಟವಾಗಲಿ ಎಲ್ಲರಿಗೂ ಸೇರಿದ್ದು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಇನ್ನು ನಮ್ಮ ಕಡೆಯ ಮಾತು. ಮಳೆಗಾಲಕ್ಕೆ ಮುಂಚೆ ಹಲಸಿನ ಹಪ್ಪಳ ಮಾಡುವುದು ಒಬ್ಬರಿಂದಾಗುವ ಕೆಲಸವೇ? ಸೊಳೆ ಬಿಡಿಸಲು ಒಬ್ಬರು, ಅರೆಯಲು ಒಬ್ಬರು, ಒತ್ತಲು ಒಬ್ಬರು, ಒಣಗಿಸಲು ಇನ್ನೊಬ್ಬರು. ಪಾಲುದಾರಿಕೆ ನಮಗೆ ಹೊಸದಲ್ಲ. ಅದಕ್ಕೆ ಲೆಕ್ಕದ ಪುಸ್ತಕವಿರಲಿಲ್ಲ, ಅಷ್ಟೆ. ಆ ಪುಸ್ತಕ ಬಂದದ್ದು ಸ್ವಸಹಾಯ ಗುಂಪುಗಳೊಂದಿಗೆ. 1982ರಲ್ಲಿ ಪಕ್ಕದ ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. 2000ದ ಹೊತ್ತಿಗೆ ರಾಜ್ಯ ಸರಕಾರದ ಸ್ತ್ರೀಶಕ್ತಿ ಬಂತು. ನಾನು ನೋಡಿದ ಗುಂಪುಗಳಲ್ಲಿ ತಡವಾಗಿ ಬಂದವಳು ಆಪ್ತ ಗೆಳತಿಯಾದರೂ ದಂಡ ತೆರಲೇಬೇಕು. ದಂಡ ತೆತ್ತವಳು ಸಿಟ್ಟಾಗುವುದೂ ಉಂಟು. ಮರುವಾರ ಮತ್ತೆ ಬರುತ್ತಾಳೆ. ಬಾಯಿಮಾತಿನ ಲೆಕ್ಕದಲ್ಲಿ ಮನಸ್ಸು ಮುರಿಯುವಷ್ಟು ಬರೆದಿಟ್ಟ ಲೆಕ್ಕದಲ್ಲಿ ಮುರಿಯುವುದಿಲ್ಲ.

ಕನ್ನಡದ ಹಾಸ್ಯ ಧಾರಾವಾಹಿಗಳು ನಮ್ಮನ್ನು ನಗಿಸಿಲ್ಲವೆಂದಲ್ಲ. 'ಪಾಪ ಪಾಂಡು'ವಿನ ಶ್ರೀಮತಿ ಗಂಡನನ್ನು ಗೋಳುಹೊಯ್ದುಕೊಳ್ಳುವುದನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೇವೆ. ಆದರೆ ಅಲ್ಲಿ ಹೆಂಗಸಿನ ಜೋರು ನಡೆಯುವುದು ಮನೆಯೊಳಗೆ, ಗಂಡನ ಮೇಲೆ. ಅವಳೂ ಅವಳ ಗೆಳತಿಯೂ ಒಂದು ಹಪ್ಪಳದ ಘಟಕ ಹಾಕಿದ್ದರೆ? ಬ್ಯಾಂಕಿನ ಮ್ಯಾನೇಜರರ ಎದುರು ಕುಳಿತು, ಸಾಲದ ಅರ್ಜಿಯಲ್ಲಿ ಯಾರ ಹೆಸರು ಮೊದಲು ಬರೆಯಬೇಕೆಂದು ವಾದಕ್ಕಿಳಿದಿದ್ದರೆ? ಬರೆಯುವವರಿಗೆ ಕತೆ ಬೇಕಿದ್ದರೆ ನಮ್ಮೂರಿನ ಯಾವ ಗುಂಪಿನ ವಾರದ ಸಭೆಗಾದರೂ ಬಂದು ಕೂರಲಿ. ಸಮಯಕ್ಕೆ ಸರಿಯಾಗಿ ಬರಲಿ, ಇಲ್ಲವಾದರೆ ದಂಡ ಕಟ್ಟಬೇಕಾದೀತು.